ಹನ್ನೆರಡನೆಯವನ ರಕ್ತ

"ಹನ್ನೊಂದು ಜನರ ರಕ್ತ ಒಂದೇ ಮಾತು ಹೇಳ್ತಿದೆ ಫೆಮ್ಮಿ. ಹನ್ನೆರಡನೆಯವರದ್ದು ಮಾತ್ರ ಬೇರೆ ಹೇಳ್ತಿದೆ," ಎಂದರು ಡಾಕ್ಟರ್ ಥೈಸೆನ್.

ಕಾಫಿ ಬಗ್ಗಿಸುತ್ತಿದ್ದ ಫೆಮ್ಮಿಯ ಕೈ ಹಾಗೇ ನಿಂತಿತು. ಅಡುಗೆಮನೆಯ ಮೇಜಿನ ಉದ್ದಕ್ಕೂ ಅವಳೇ ಬರೆದ ವಂಶವೃಕ್ಷ ಹಾಸಿತ್ತು. ಸುರುಳಿ ಬಿಚ್ಚಿದರೆ ಮತ್ತೆ ಸುತ್ತಿಕೊಳ್ಳುತ್ತಿದ್ದ ಆ ಹಾಳೆಯ ಒಂದು ತುದಿಗೆ ಸಕ್ಕರೆ ಡಬ್ಬಿ, ಇನ್ನೊಂದು ತುದಿಗೆ ಡಾಕ್ಟರರ ಮೊಣಕೈ. ಏಳು ತಲೆಮಾರು, ಇನ್ನೂರ ಹದಿನಾಲ್ಕು ಹೆಸರು. ಎಲ್ಲವೂ ಸ್ಕೇಲು ಹಿಡಿದು, ಕಪ್ಪು ಶಾಯಿಯಲ್ಲಿ, ಒಂದು ಚಿತ್ತೂ ಇಲ್ಲದೆ.

"ಯಾರದ್ದು?" ಎಂದು ಕೇಳಿದಳು.

ಡಾಕ್ಟರು ಐದನೆಯ ಸಾಲಿನ ಒಂದು ಹೆಸರಿನ ಮೇಲೆ ಪೆನ್ಸಿಲ್ ಇಟ್ಟರು. ಹೆಸ್ಸೆಲ್ ಕೋರ್ಫ್. ಫೆಮ್ಮಿಯ ಚಿಕ್ಕಮ್ಮ ಟ್ರೀನಳ ಮಗ.

ಸಮುದ್ರಕ್ಕೆ ಕಟ್ಟೆ ಹಾಕಿ, ನೀರು ಬಸಿದು, ಊರನ್ನು ಹಾಲೆಂಡಿನ ನೆಲಕ್ಕೆ ಅಂಟಿಸಿ ಐವತ್ತು ವರ್ಷ ಮೀರಿದ್ದರೂ ಊರಿನವರು ಅದನ್ನು ಇನ್ನೂ ದ್ವೀಪ ಎಂದೇ ಕರೆಯುತ್ತಿದ್ದರು. ಅಲ್ಲಿಯ ಕೆಲವರ ಮೂಳೆ ಬೆಳೆಯುವುದನ್ನು ನಿಲ್ಲಿಸುವುದಿಲ್ಲ. ಹದಿನೈದು ದಾಟುವ ಹೊತ್ತಿಗೆ ದವಡೆ ಅಗಲವಾಗುತ್ತದೆ, ಹಣೆ ದಪ್ಪವಾಗುತ್ತದೆ. ಆಮೇಲೆ ತಲೆಬುರುಡೆಯ ಒಳಗಿನ ಸಣ್ಣ ಸಣ್ಣ ದಾರಿಗಳು ಕಿರಿದಾಗಿ ನರಗಳನ್ನು ಹಿಸುಕುತ್ತವೆ. ಕಿವಿ ಹೋಗುತ್ತದೆ, ಮುಖದ ಒಂದು ಪಕ್ಕ ಜೋತುಬೀಳುತ್ತದೆ. ಊರಿನವರು ಅವರನ್ನು ದವಡೆಯವರು ಎನ್ನುತ್ತಾರೆ. ಈಗ ಬದುಕಿರುವವರು ಹನ್ನೆರಡು ಮಂದಿ.

ಎರಡು ವರ್ಷದ ಹಿಂದೆ ವಿಶ್ವವಿದ್ಯಾಲಯದಿಂದ ಈ ಡಾಕ್ಟರಮ್ಮ ಬಂದು, ಈ ಮನೆತನಗಳ ಲೆಕ್ಕ ಬಲ್ಲವರು ಯಾರಿದ್ದಾರೆ ಎಂದು ಕೇಳಿದಾಗ ಚರ್ಚಿನ ಪಾದ್ರಿಗಳು ಫೆಮ್ಮಿಯ ಮನೆ ತೋರಿಸಿದ್ದರು. ಹಗಲೆಲ್ಲ ಮೀನಿನ ಶೆಡ್ಡಿನಲ್ಲಿ ಮೀನು ಸೀಳುವ ಹೆಂಗಸು. ನಾಲ್ಕು ವರ್ಷ, ವಾರಕ್ಕೆರಡು ಸಲ ಬಸ್ಸು ಹತ್ತಿ ಆಚೆ ಪಟ್ಟಣದ ಸಂಜೆಶಾಲೆಗೆ ಹೋಗಿ ಜೀವಶಾಸ್ತ್ರ ಕಲಿತವಳು. ಅಲ್ಲಿ ಕೊಟ್ಟ ಒಂದು ಮನೆಪಾಠಕ್ಕೆಂದು ಶುರುಮಾಡಿದ ವಂಶವೃಕ್ಷವನ್ನು ಪರೀಕ್ಷೆ ಮುಗಿದ ಮೇಲೂ ಬಿಟ್ಟಿರಲಿಲ್ಲ.

"ಹನ್ನೊಂದು ಜನರಲ್ಲಿ ಹದಿನೇಳನೇ ವರ್ಣತಂತುವಿನ ಒಂದು ತುಂಡು ಹುಬೇಹೂಬು ಒಂದೇ ಇದೆ," ಡಾಕ್ಟರು ವಿವರಿಸಿದರು. "ಅಪ್ಪನ ಕಡೆಯಿಂದ ಬಂದದ್ದೂ ಅದೇ, ಅಮ್ಮನ ಕಡೆಯಿಂದ ಬಂದದ್ದೂ ಅದೇ. ಎಷ್ಟೋ ತಲೆಮಾರಿನ ಹಿಂದೆ ಒಬ್ಬರೇ ಹಿರಿಯರಿಂದ ಇಳಿದು ಬಂದದ್ದು. ಕಾಯಿಲೆಯ ಮೂಲ ಆ ತುಂಡಿನೊಳಗೇ ಇದೆ ಅಂತ ನಾನು ನಮ್ಮ ಪ್ರೊಫೆಸರ್ ಹತ್ರ ಅಂದುಬಿಟ್ಟಿದ್ದೆ. ಹೆಸ್ಸೆಲ್ ಅವರ ರಕ್ತದಲ್ಲಿ ಒಂದು ಕಡೆಯದ್ದು ಮಾತ್ರ ಅದು. ಇನ್ನೊಂದು ಕಡೆಯದ್ದು ಬೇರೆ."

"ಹಂಗಾದ್ರೆ?"

ಡಾಕ್ಟರು ಕಾಫಿ ಲೋಟವನ್ನು ತಿರುಗಿಸಿದರು, ಎತ್ತಲಿಲ್ಲ. "ಒಂದೋ ನಾವು ಹುಡುಕ್ತಿರೋ ಜಾಗವೇ ತಪ್ಪು. ಇಲ್ಲಾ..." ಮುಂದಿನ ಮಾತಿಗೆ ಅವರ ಧ್ವನಿ ತಗ್ಗಿತು. "ಇಲ್ಲಾ ಈ ಹಾಳೆ ತಪ್ಪು. ಹೆಸ್ಸೆಲ್ ಅವರ ತಂದೆ ಅಂತ ನೀವು ಯಾರನ್ನ ಬರೆದಿದ್ದೀರೋ, ಅವರು ಆಗಿರದೆ..."

"ನಮ್ಮ ಟ್ರೀನ್ ಚಿಕ್ಕಮ್ಮನ್ನ ಹಂಗನ್ಬೇಡಿ ಡಾಕ್ಟ್ರೇ!" ಫೆಮ್ಮಿಯ ಧ್ವನಿ ಅವಳಿಗೇ ಗುರುತು ಸಿಗದಷ್ಟು ಏರಿತು. ಮರುಕ್ಷಣವೇ ಮುಖ ಕೆಂಪಾಯಿತು. "ಕ್ಷಮಿಸಿ. ಆದ್ರೆ ಅವ್ಳು ಅಂಥೋಳಲ್ಲ."

"ನಾನು ಹಾಗೆ ಹೇಳ್ತಿಲ್ಲ. ಆದರೆ ಪ್ರೊಫೆಸರ್ ಹೇಳ್ತಾರೆ. ಒಂದು ಕಡೆ ತಪ್ಪಿದ್ರೆ ಇನ್ನೂರ ಹದಿಮೂರು ಕಡೆ ಹೇಗೆ ನಂಬೋದು ಅಂತಾರೆ. ಮುಂದಿನ ವಾರದ ಶುಕ್ರವಾರ ಸಭೆ ಇದೆ. ಈ ಊರಿನ ಕೆಲಸ ಮುಂದುವರಿಸೋದಾ ಬಿಡೋದಾ ಅಂತ."

ಡಾಕ್ಟರ ಕಾರು ದಿಬ್ಬ ಇಳಿದುಹೋದ ಮೇಲೂ ಫೆಮ್ಮಿ ಮೇಜಿನ ಮುಂದೆಯೇ ಕುಳಿತಿದ್ದಳು. ಮನೆಮನೆಗೆ ಹೋಗಿ, "ನನ್ನ ಮೇಲೆ ನಂಬಿಕೆಯಿಟ್ಟು ರಕ್ತ ಕೊಡಿ," ಎಂದು ಕೇಳಿದ್ದವಳು ಅವಳೇ. ಚುಚ್ಚುಮದ್ದೆಂದರೆ ಬಾಗಿಲು ಹಾಕಿಕೊಳ್ಳುವ ಜನ. ಆದರೂ ಮುದುಕರು, ಹೆಂಗಸರು, ಮಕ್ಕಳನ್ನು ಎತ್ತಿಕೊಂಡವರು ಶಾಲೆಯ ಹಾಲ್‌ಗೆ ಬಂದು ತೋಳು ಚಾಚಿದ್ದರು. ಈಗ ಅದೆಲ್ಲ ನೀರುಪಾಲಾಯಿತೆಂದರೆ? ತನ್ನ ಹಾಳೆಯಿಂದಲೇ ಸತ್ತ ಚಿಕ್ಕಮ್ಮನ ಮೇಲೆ ಇಂಥ ಮಾತು ಹುಟ್ಟಿತೆಂದರೆ? ಸಂಜೆಶಾಲೆಯ ಎರಡಕ್ಷರ ಕಲಿತು ದೊಡ್ಡವರ ಕೆಲಸಕ್ಕೆ ಕೈ ಹಾಕಬಾರದಿತ್ತು ಎನಿಸಿತು.

ಮರುದಿನ ಶುಕ್ರವಾರ, ಆಮೇಲೆ ಶನಿವಾರ, ಎರಡು ಸಂಜೆಯೂ ಅವಳು ಚರ್ಚಿನ ದೀಕ್ಷಾಸ್ನಾನದ ಪುಸ್ತಕಗಳ, ಬಂದರಿನ ದೋಣಿ ದಾಖಲೆಗಳ ಮುಂದೆ ಕುಳಿತಳು. ಟ್ರೀನಳ ಮದುವೆ, ಹೆಸ್ಸೆಲನ ಹುಟ್ಟು, ಅವನಪ್ಪ ಯಾವ ದೋಣಿಯಲ್ಲಿ ಯಾವ ತಿಂಗಳು ಹೋದ, ಯಾವಾಗ ಬಂದ, ಎಲ್ಲವನ್ನೂ ಬೆರಳಿಟ್ಟು ಓದಿದಳು. ತಪ್ಪು ಸಿಗಲಿಲ್ಲ. ತಪ್ಪು ಸಿಗದಿದ್ದದ್ದೇ ಅವಳಿಗೆ ಇನ್ನಷ್ಟು ದಿಗಿಲು ತಂದಿತು; ಪುಸ್ತಕ ಸರಿಯಾದರೆ ತಪ್ಪು ಚಿಕ್ಕಮ್ಮನದೆಂದೇ ಆಗುತ್ತಿತ್ತು. ಭಾನುವಾರ ದ್ವೀಪದಲ್ಲಿ ಯಾರೂ ಲೇಖನಿ ಮುಟ್ಟುವುದಿಲ್ಲ. ಅವಳೂ ಮುಟ್ಟಲಿಲ್ಲ. ಚರ್ಚಿನಲ್ಲಿ ಮೂರು ಸಾಲು ಮುಂದೆ ಹೆಸ್ಸೆಲನ ಅಗಲ ಹೆಗಲು ಕಾಣುತ್ತಿತ್ತು. ಹೊರಗೆ ಬಂದಾಗ ಅವನು ಅವಳನ್ನು ನೋಡಿಯೂ ಮುಖ ತಿರುಗಿಸಿಕೊಂಡು ಹೋದ. ನಾಲ್ಕು ತಿಂಗಳಿಂದ ಹೀಗೆಯೇ. ತನ್ನ ಅಮ್ಮನ ಹೆಸರನ್ನು ಕೇಳದೆ ಹಾಳೆಗೆ ಹಾಕಿದಳೆಂದು ಸಿಟ್ಟಿರಬೇಕೆಂದು ಫೆಮ್ಮಿ ಅಂದುಕೊಂಡಿದ್ದಳು.

ಸೋಮವಾರ ಶೆಡ್ಡಿನಲ್ಲಿ ಚಪ್ಪಟೆ ಮೀನಿನ ರಾಶಿ ಬಿದ್ದಿತ್ತು. ರಬ್ಬರ್ ಏಪ್ರನ್ ಕಟ್ಟಿಕೊಂಡ ಹೆಂಗಸರು ಉಕ್ಕಿನ ಮೇಜಿನ ಎರಡೂ ಬದಿ ನಿಂತು ಕೀರ್ತನೆ ಹಾಡುತ್ತ ಚಾಕು ಆಡಿಸುತ್ತಿದ್ದರು. ಫೆಮ್ಮಿಯ ಎದುರಿಗೆ ಕ್ಲಾಸ್ಯೆ. ಮೂವತ್ತು ವರ್ಷದಿಂದ ಎದುರೆದುರು ನಿಂತು ದುಡಿದವರು. ಇಡೀ ಶೆಡ್ಡಿನಲ್ಲಿ ಕ್ಲಾಸ್ಯೆಯ ಚಾಕುವಿಗಿಂತ ಹರಿತವಾದದ್ದು ಅವಳ ನಾಲಿಗೆ ಮಾತ್ರ.

"ಏನೇ ಇದು, ಅರ್ಧ ಮಾಂಸ ಮುಳ್ಳಲ್ಲೇ ಬಿಟ್ಟಿದೀಯ? ಬೆಕ್ಕುಗಳಿಗೆ ಸಂತರ್ಪಣೆನಾ ಇವತ್ತು?"

"ತಲೆನೋವು ಕಣೇ."

"ಓದ್ದೋರಿಗೆ ಬರೋ ರೋಗ ಅದು. ನಂಗೆ ಒಂದಿನಾನೂ ಬಂದಿಲ್ಲ ನೋಡು."

ಹತ್ತು ಗಂಟೆಯ ಕಾಫಿಗೆ ಸರಿಯಾಗಿ ಮುದುಕ ಹೆಸ್ಸೆಲ್ ಬಂದ. ಊರಲ್ಲಿ ಇರುವುದೇ ಆರೇಳು ಮನೆತನ, ಮಕ್ಕಳಿಗೆ ಅಜ್ಜಂದಿರ ಹೆಸರನ್ನೇ ಇಡುವ ಪದ್ಧತಿ. ಹಾಗಾಗಿ ಒಂದೇ ಹೆಸರಿನವರು ಬೇಕಾದಷ್ಟು. ಅಡ್ಡಹೆಸರಿಲ್ಲದೆ ಯಾರನ್ನೂ ಗುರುತಿಸುವಂತಿಲ್ಲ. ಎಪ್ಪತ್ತೊಂಬತ್ತರ ಈ ಹೆಸ್ಸೆಲ್ ಕೋರ್ಫ್ ಈಗಲೂ ಕಪ್ಪು ಜಾಕೆಟ್ಟಿಗೆ ಹಳೆಯ ಕಾಲದ ಬೆಳ್ಳಿ ಗುಂಡಿ ಹಾಕುತ್ತಿದ್ದುದರಿಂದ ಬೆಳ್ಳಿಗುಂಡಿ. ಎದೆವರೆಗೆ ಬಿಳಿ ಗಡ್ಡ. ಕಿವಿ ಮಂದ. ದಿನಾ ಬಂದು ಒಂದು ಲೋಟ ಕಾಫಿ ಕುಡಿದು, ಯಾರನ್ನಾದರೂ ಬೈದು ಹೋಗುವುದು ರೂಢಿ.

"ಅಜ್ಜಾ, ಮೊನ್ನೆ ಏಣಿಯಿಂದ ಬಿದ್ರಂತೆ?" ಕ್ಲಾಸ್ಯೆ ಅವನ ಕಿವಿಯ ಬಳಿ ಕೂಗಿದಳು.

"ಬಿದ್ದೆ. ಏಣಿ ಮುರೀತು."

"ನೀವು?"

"ನಾನ್ಯಾಕ್ ಮುರೀಲಿ? ಒಳ್ಳೆ ಸರಕು ಇದು." ಎದೆ ತಟ್ಟಿಕೊಂಡ. "ಸುಮ್ನೇನಾ ಯೂನಿವರ್ಸಿಟಿಯೋರು ಕಾಗ್ದ ಹಾಕಿ ಕರ್ಸಿದ್ದು? ಮುದ್ರೆ ಹೊಡ್ದಿರೋ ಕಾಗ್ದ! ನಾಲ್ಕ್ ಶೀಶೆ ರಕ್ತ ತಗೊಂಡ್ರು. ಆ ಹುಡುಗಿ ಹೇಳಿದ್ಳು, ಏನ್ ನರ ಅಜ್ಜ ನಿಮ್ದು, ಹಗ್ಗ ಇದ್ದಂಗಿದೆ ಅಂತ."

"ನಿಮ್ಮನ್ನ ಯಾಕಜ್ಜ ಕರ್ದ್ರು? ನಿಮಗೆ ದವಡೆ ಇಲ್ವಲ್ಲ."

"ನಂಗೇನ್ ಗೊತ್ತು? ಹೆಸ್ಸೆಲ್ ಕೋರ್ಫ್ ಅಂತ ಬರ್ದಿತ್ತು. ನಾನೇ ಹೆಸ್ಸೆಲ್ ಕೋರ್ಫ್. ಕಿವಿ ಕೇಳ್ಸತ್ತಾ ಅಂತ ಕೇಳಿದ್ಳು. ಇಲ್ಲ ಅಂದೆ. ಬಹಳ ಸಂತೋಷ ಆಗಿ ಬರ್ಕೊಂಡ್ಳು."

ಫೆಮ್ಮಿಯ ಚಾಕು ಕೈ ತಪ್ಪಿ ಮೇಜಿನ ಮೇಲೆ ಠಣ್ಣೆಂದು ಬಿತ್ತು.

"ಅಯ್ಯೋ, ಬೆರಳು ನೋಡ್ಕೊಳ್ಳೇ!" ಎಂದಳು ಕ್ಲಾಸ್ಯೆ.

ಫೆಮ್ಮಿ ಬೆರಳು ನೋಡಿಕೊಳ್ಳುತ್ತಿರಲಿಲ್ಲ. ಮನೆಯ ಕಪಾಟಿನಲ್ಲಿರುವ ಹಳೆಯ ಹಾಳೆ ಅವಳ ಕಣ್ಣಿಗೆ ಕಟ್ಟಿತ್ತು. ಗೋಡೆಕಾಗದದ ಹಿಂಭಾಗದಲ್ಲಿ ಪೆನ್ಸಿಲ್ಲಿನಿಂದ ಗೀಚಿದ ಮೊದಲ ಪ್ರತಿ. ಅದರಲ್ಲಿ ಪ್ರತಿ ಹೆಸರಿನ ಕೆಳಗೂ ಅಡ್ಡಹೆಸರಿತ್ತು. ಗೊರಕೆ ಪೀಟರ್, ಸೋರುಮೂಗು ಲುಬ್ಬರ್ಟ್, ಕಪ್ಪೆಗಾಲು ಯಾನ್. ಅವಳದೇ ಮನೆತನ ಒಣಮೀನು. ಡಾಕ್ಟರಿಗೆ ಕೊಡಲು ಚೊಕ್ಕ ಪ್ರತಿ ಬರೆಯುವ ದಿನ ಅವಳಿಗೆ ನಾಚಿಕೆಯಾಗಿತ್ತು. ಪ್ರೊಫೆಸರರು ನೋಡುವ ಹಾಳೆಯಲ್ಲಿ ಸೋರುಮೂಗು ಎಂದು ಬರೆಯುವುದೇ? ನಗುವುದಿಲ್ಲವೇ? ಒಂದನ್ನೂ ಬಿಡದೆ ತೆಗೆದುಹಾಕಿದ್ದಳು. ತೆಗೆದ ಮೇಲೆ ಹಾಳೆ ಎಷ್ಟು ಸಭ್ಯವಾಗಿ ಕಾಣುತ್ತದೆಂದು ಹೆಮ್ಮೆಯನ್ನೂ ಪಟ್ಟಿದ್ದಳು. "ಮನೆ ನಂಬರ್ ಬೇಡ, ನಮ್ಮ ಅಂಚೆಯವನಿಗೆ ಎಲ್ರೂ ಗೊತ್ತು," ಎಂದೂ ಅವಳೇ ಹೇಳಿದ್ದಳು.

ಅಂಚೆಯವನಿಗೆ ಎಲ್ಲರೂ ಗೊತ್ತು, ನಿಜ. ಆದರೆ ಅಡ್ಡಹೆಸರಿಲ್ಲದ ಸರ್ಕಾರಿ ಕಾಗದ ಬಂದರೆ ದ್ವೀಪದ ಪದ್ಧತಿಯೇ ಬೇರೆ. ಅದನ್ನು ಆ ಹೆಸರಿನವರಲ್ಲಿ ಎಲ್ಲರಿಗಿಂತ ಹಿರಿಯರಿಗೆ ಕೊಡಬೇಕು. ಅವರು ಒಡೆದು ಓದಿ, ತಮ್ಮದಲ್ಲದಿದ್ದರೆ ಮುಂದಿನವರಿಗೆ ಕಳಿಸಬೇಕು. ಬೆಳ್ಳಿಗುಂಡಿ ಮುಂದಿನವರಿಗೆ ಕಳಿಸಿರಲಿಲ್ಲ. ಗಡ್ಡದ ಕೆಳಗೆ ದವಡೆ ಎಷ್ಟು ಅಗಲವೆಂದು ಹೊರಗಿನಿಂದ ಬಂದ ವಿದ್ಯಾರ್ಥಿನಿಗೆ ಹೇಗೆ ಗೊತ್ತಾಗಬೇಕು? ಎರಡು ದಿನ ರಕ್ತ ತೆಗೆದಿದ್ದರು; ಮುದುಕ ಬಂದ ಎರಡನೆಯ ದಿನ ಫೆಮ್ಮಿ ಹಾಲ್‌ನಲ್ಲಿ ಇರಲಿಲ್ಲ. ಅವಳ ಎಂಬತ್ತೊಂದರ ತಾಯಿ ಮಹಡಿ ಮೆಟ್ಟಿಲಿಂದ ಉರುಳಿದ್ದಳೆಂದು ಮನೆಗೆ ಓಡಿದ್ದಳು. ಓಡಿ ಬಂದು ನೋಡಿದರೆ ತಾಯಿ ಆಲೂಗಡ್ಡೆ ಸುಲಿಯುತ್ತ ಕೂತಿದ್ದಳು.

"ಕ್ಲಾಸ್ಯೆ, ನನ್ನ ಪಾಲಿನ ಮೀನು ನೋಡ್ಕೋ," ಎಂದು ಏಪ್ರನ್ ಬಿಚ್ಚಿದಳು.

"ಎಲ್ಲಿಗೇ? ಮೂವತ್ತು ವರ್ಷದಲ್ಲಿ ಒಂದಿನಾನೂ ನಡುವೆ ಬಿಟ್ಟು ಹೋದೋಳಲ್ಲ ನೀನು!"

"ಅದಕ್ಕೇ ಇವತ್ತು ಹೋಗ್ತೀನಿ."

ಬಲೆ ಹೆಣೆಯುವ ಅಟ್ಟ ಬಂದರಿನ ಮೂಲೆಯಲ್ಲಿತ್ತು. ಅಲ್ಲಿ ಒಬ್ಬನೇ ಕುಳಿತು ಹರಿದ ಬಲೆ ಸರಿಮಾಡುತ್ತಿದ್ದವನು ಇನ್ನೊಬ್ಬ ಹೆಸ್ಸೆಲ್ ಕೋರ್ಫ್, ಟ್ರೀನಳ ಮಗ. ಹುಡುಗನಾಗಿದ್ದಾಗ ದೋಣಿಯಿಂದ ಬಿದ್ದು, ಕೈಕಾಲು ಬಡಿಯುವ ಮೊದಲೇ ನೇರ ತಳಕ್ಕೆ ಇಳಿದುಹೋಗಿದ್ದನಂತೆ. ಅಷ್ಟು ಭಾರದ ಮೂಳೆ. ಕೊಕ್ಕೆ ಹಾಕಿ ಎತ್ತಿದವರು ಅಂದೇ ಇಟ್ಟ ಹೆಸರು ಲಂಗರು. ಈಗ ಐವತ್ತೊಂದು. ಹತ್ತು ವರ್ಷದಿಂದ ಕಿವಿ ಪೂರ್ತಿ ಹೋಗಿತ್ತು. ಬಾಗಿಲಿಗೆ ನೇತುಹಾಕಿದ ಸ್ಲೇಟಿನ ಮೇಲೆ ಬರೆದು ಮಾತಾಡಬೇಕು. ಅವನು ಮಾತ್ರ ಬಾಯಲ್ಲೇ ಉತ್ತರ ಕೊಡುತ್ತಿದ್ದ. ತನ್ನ ಧ್ವನಿ ತನಗೇ ಕೇಳದ್ದರಿಂದ ಅವನ ಗುಟ್ಟುಗಳೆಲ್ಲ ಇಡೀ ಬಂದರಿಗೆ ತಿಳಿಯುತ್ತಿದ್ದವು.

"ಬಂದ್ಯಾ? ನಾಲ್ಕ್ ತಿಂಗ್ಳಾದ್ಮೇಲೆ ದಾರಿ ಗೊತ್ತಾಯ್ತಾ ತಾಯಿ?" ಅವನು ಗುಡುಗಿದ.

ಫೆಮ್ಮಿ ಸ್ಲೇಟು ತೆಗೆದುಕೊಂಡು ಬರೆದಳು. "ಅಣ್ಣ, ನಿನಗೆ ಯೂನಿವರ್ಸಿಟಿ ಕಾಗದ ಬಂದಿತ್ತಾ?"

"ಯಾವ ಕಾಗ್ದ? ದವಡೆಯೋರನ್ನೆಲ್ಲ ಕರ್ದ್ರಿ. ಗೊರಕೆ ಪೀಟರ್‌ನ ಕರ್ದ್ರಿ. ಅವನ ದವಡೆ ನಂದ್ರಲ್ಲಿ ಅರ್ಧ ಇಲ್ಲ! ಇಡೀ ದ್ವೀಪದಲ್ಲಿ ದೊಡ್ಡ ದವಡೆ ಯಾರ್ದು? ನಂದು! ನನ್ನ ಮಾತ್ರ ಬಿಟ್ರಿ! ಹಾಳೆ ಬರ್ದೋಳು ಯಾರು? ನನ್ ತಂಗಿ! ಅಲ್ಲಿಗೆ ನಾನು ಯಾವ ಲೆಕ್ಕಕ್ಕೂ ಇಲ್ಲ ಅಂತ ಆಯ್ತು!"

ಕೆಳಗೆ ದೋಣಿ ತೊಳೆಯುತ್ತಿದ್ದವರು ತಲೆಯೆತ್ತಿ ನೋಡಿದರು. ಫೆಮ್ಮಿಗೆ ಆಗ ಗೋಡೆಯ ಮೊಳೆಗೆ ತೂಗುಹಾಕಿದ್ದ ಬಿಳಿ ಅಂಗಿ ಕಾಣಿಸಿತು. ಇಸ್ತ್ರಿಯ ಗೆರೆ ಇನ್ನೂ ನೇರವಾಗಿತ್ತು, ಹೆಗಲ ಮೇಲೆ ಮಾತ್ರ ಬಲೆಯ ಧೂಳು ಕೂತಿತ್ತು. ಕರೆ ಬಂದೀತೆಂದು ಅವನು ತೆಗೆದಿಟ್ಟುಕೊಂಡಿದ್ದ ಅಂಗಿ. ಅವಳು ಸ್ಲೇಟಿನ ಮೇಲೆ ಮೂರು ಸಲ ಒರೆಸಿ ಒರೆಸಿ ಬರೆದಳು. ತಾನು ಅಡ್ಡಹೆಸರು ತೆಗೆದದ್ದು, ಕಾಗದ ಬೆಳ್ಳಿಗುಂಡಿಗೆ ಹೋದದ್ದು, ಅವನ ಹೆಸರಿನಲ್ಲಿ ಮುದುಕ ರಕ್ತ ಕೊಟ್ಟದ್ದು. ಚಿಕ್ಕಮ್ಮನ ವಿಷಯ ಬರೆಯಲಿಲ್ಲ. ಕೊನೆಗೆ, "ತಪ್ಪು ನನ್ನದು," ಎಂದು ಬರೆದು ಕೆಳಗೆ ಗೆರೆ ಎಳೆದಳು.

ಹೆಸ್ಸೆಲ್ ಓದಿದ. ಮತ್ತೊಮ್ಮೆ ಓದಿದ.

"ಬೆಳ್ಳಿಗುಂಡಿನಾ? ಆ ಗಡ್ಡದ ಮುದುಕನ್ನ ನಾನು ಅಂದ್ಕೊಂಡ್ರಾ?" ಅವನ ಮುಖದ ಎಡಭಾಗ ನಗತೊಡಗಿತು. ಬಲಭಾಗಕ್ಕೆ ನಗಲು ಬಾರದು. ಎಡಭಾಗವೇ ಎರಡರ ನಗುವನ್ನೂ ನಕ್ಕಿತು. ಆಮೇಲೆ ಸ್ವೆಟರಿನ ತೋಳನ್ನು ಮೇಲಕ್ಕೆ ಸರಿಸಿ ಮುಂದೆ ಚಾಚಿದ. "ತಗೋ. ಈಗ್ಲೇ ತಗೋ."

"ನಾನು ತೆಗೆಯೋಕಾಗಲ್ಲ. ಡಾಕ್ಟ್ರು ಬರ್ಬೇಕು," ಎಂದು ಬರೆದಳು.

"ಹಂಗಾದ್ರೆ ಕರಿ. ಅಷ್ಟರಲ್ಲಿ ಅಂಗಿ ಬದಲಾಯಿಸ್ತೀನಿ."

ಬಂದರಿನ ಕಚೇರಿಯ ಫೋನಿನಲ್ಲಿ ಅವಳು ಡಾಕ್ಟರಿಗೆ ಎಲ್ಲವನ್ನೂ ಒಪ್ಪಿಸಿದಳು. ಬೈಗುಳಕ್ಕೆ ಕಾಯುತ್ತ ಫೆಮ್ಮಿ ಕಣ್ಣು ಮುಚ್ಚಿಕೊಂಡಳು.

"ಅಡ್ಡಹೆಸರು ಇರೋ ಹಳೇ ಹಾಳೆ ಇನ್ನೂ ಇದೆಯಾ?" ಡಾಕ್ಟರು ಕೇಳಿದರು.

"ಇದೆ. ಆದ್ರೆ ಅದು ತೋರಿಸೋ ಹಂಗಿಲ್ಲ. ಹೆಸರುಗಳು ಒಂಥರಾ..."

"ತೋರಿಸೋ ಹಾಗಿರೋದನ್ನ ನೋಡಿ ಆಯ್ತಲ್ಲ ಫೆಮ್ಮಿ. ಈಗ ನಿಜವಾದದ್ದನ್ನ ಕೊಡಿ. ನಾನು ಹೊರಟೆ."

ಮಧ್ಯಾಹ್ನ ಮೂರಕ್ಕೆ ಡಾಕ್ಟರ್ ಥೈಸೆನ್ ಅಟ್ಟ ಹತ್ತಿದರು. ಬಿಳಿ ಅಂಗಿ ತೊಟ್ಟ ಹೆಸ್ಸೆಲ್ ಬಲೆಗಳ ರಾಶಿಯ ಮೇಲೆ ನೆಟ್ಟಗೆ ಕುಳಿತಿದ್ದ. ಸೂಜಿ ಚುಚ್ಚುವಾಗ ಕಣ್ಣು ಮಿಟುಕಿಸಲಿಲ್ಲ. ನಾಲ್ಕು ಶೀಶೆ ತುಂಬಿದ ಮೇಲೆ ಕೇಳಿದ.

"ಇದ್ರೊಳ್ಗೆ ಏನ್ ಹುಡುಕ್ತೀರಿ ಡಾಕ್ಟ್ರಮ್ಮ? ಎಲ್ರೂ ಕೊಟ್ರು, ಯಾರಿಗೂ ಸರಿಯಾಗಿ ಗೊತ್ತಿಲ್ಲ."

ಡಾಕ್ಟರು ಸ್ಲೇಟು ಹಿಡಿದು ತಡವರಿಸಿದರು. ಬರೆದ ಮೊದಲ ಸಾಲನ್ನು ತಾವೇ ಅಳಿಸಿದರು. ಫೆಮ್ಮಿ ಹೆದರುತ್ತಲೇ, "ನಾನು ಬರೀಲಾ? ತಪ್ಪಿದ್ರೆ ತಿದ್ದಿ," ಎಂದು ಸ್ಲೇಟು ತೆಗೆದುಕೊಂಡಳು. ಸಂಜೆಶಾಲೆಯಲ್ಲಿ ಕಲಿತದ್ದನ್ನೂ ಈ ಎರಡು ವರ್ಷದಲ್ಲಿ ಡಾಕ್ಟರ ಬಾಯಿಂದ ಕೇಳಿದ್ದನ್ನೂ ಕೂಡಿಸಿ, ತುಂಡು ತುಂಡಾಗಿ ಬರೆದು ತೋರಿಸುತ್ತ ಹೋದಳು. ಮೂಳೆ ಕಲ್ಲಲ್ಲ, ಜೀವ ಇರೋದು. ಒಂದು ಗುಂಪು ಕಟ್ಟುತ್ತಲೇ ಇರುತ್ತೆ, ಇನ್ನೊಂದು ಗುಂಪು ಹಳೆಯದನ್ನ ಕಿತ್ತು ತೆಗೀತಾ ಇರುತ್ತೆ. ಮೂಳೆಯ ಒಳಗೇ ಹುದುಗಿ ಕೂತಿರೋರು ಬೇರೆ ಇದ್ದಾರೆ. ಎಲ್ಲಿ ಎಷ್ಟು ಭಾರ ಬೀಳ್ತಿದೆ ಅಂತ ಅವರಿಗೆ ಗೊತ್ತಾಗುತ್ತೆ. ಕಟ್ಟಿದ್ದು ಸಾಕಾದಾಗ ಅವರು ಕಟ್ಟೋರಿಗೆ, "ಸಾಕು, ನಿಲ್ಲಿಸಿ," ಅಂತ ಸುದ್ದಿ ಕಳಿಸ್ತಾರೆ. ನಿನ್ನಲ್ಲಿ ಆ ಸುದ್ದಿ ಹೋಗ್ತಾ ಇಲ್ಲ ಅಂತ ಡಾಕ್ಟ್ರ ಊಹೆ. ಸುದ್ದಿ ಬರೆಯೋ ವಿಧಾನ ರಕ್ತದಲ್ಲಿ ಎಲ್ಲಿದೆ ಅಂತ ಹುಡುಕ್ತಿದ್ದಾರೆ.

ಅವಳು ಡಾಕ್ಟರ ಮುಖ ನೋಡಿದಳು. ಡಾಕ್ಟರು ಏನನ್ನೂ ತಿದ್ದಲಿಲ್ಲ.

"ಅಂದ್ರೆ ನನ್ನೊಳ್ಗೆ ಸಾಕು ಅನ್ನೋರು ಯಾರೂ ಇಲ್ಲ!" ಹೆಸ್ಸೆಲ್ ಗಹಗಹಿಸಿದ. "ನಮ್ಮಮ್ಮ ಊಟಕ್ಕೆ ಬಡ್ಸುವಾಗ್ಲೂ ಅದನ್ನೇ ಹೇಳ್ತಿದ್ಳು!"

ನಗು ನಿಂತ ಮೇಲೆ ಗಂಭೀರನಾದ. "ಗೊತ್ತಾದ್ರೆ ಯಾರಿಗ್ ಉಪಯೋಗ?"

ಈ ಸಲ ಡಾಕ್ಟರೇ ಬರೆದರು. ವಯಸ್ಸಾದ ಲಕ್ಷಾಂತರ ಹೆಂಗಸರಿಗೆ ಮೂಳೆ ಸವೆದು, ಸುಮ್ಮನೆ ಮುಗ್ಗರಿಸಿದರೂ ಸೊಂಟ ಮುರಿಯುತ್ತೆ. ಆ "ಸಾಕು" ಅನ್ನೋ ಸುದ್ದಿಯನ್ನ ಅವರಲ್ಲಿ ಸ್ವಲ್ಪ ಕಾಲ ತಡೆದರೆ ಮೂಳೆ ಮತ್ತೆ ಕಟ್ಟಿಕೊಳ್ಳಬಹುದು. ಅಂಥ ಔಷಧಿ ಇನ್ನೂ ಇಲ್ಲ. ಆಗಬಹುದು ಅನ್ನೋದಕ್ಕೆ ನೀವೇ ಸಾಕ್ಷಿ.

"ನಂಗೆ?"

ಡಾಕ್ಟರು ಸ್ಲೇಟನ್ನು ಚೊಕ್ಕವಾಗಿ ಒರೆಸಿದರು. ನಂತರ ಬರೆದರು. "ಆ ಸುದ್ದಿಯನ್ನ ಹೊರಗಿಂದ ಕೊಡೋ ಕಾಲವೂ ಬರಬಹುದು. ನಿಮ್ಮ ಜೀವಮಾನದಲ್ಲಿ ಬರುತ್ತೆ ಅಂತ ನಾನು ಮಾತು ಕೊಡಲಾರೆ."

ಹೆಸ್ಸೆಲ್ ಸ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದ. ಕಿಟಕಿಯಾಚೆ ದೋಣಿಯೊಂದು ಬಂದರು ಬಿಟ್ಟು ಹೊರಡುತ್ತಿತ್ತು.

"ಸುಳ್ ಹೇಳ್ಲಿಲ್ಲ ನೀವು. ಇನ್ನೊಂದ್ ಶೀಶೆ ತಗೊಳ್ಳಿ," ಎಂದ.

ಶುಕ್ರವಾರದ ಸಭೆಯಲ್ಲಿ ಡಾಕ್ಟರು ಕೈಮುಗಿದು ಮೂರು ವಾರದ ಗಡುವು ಪಡೆದರಂತೆ. ಆ ಮೂರು ವಾರ ಫೆಮ್ಮಿಗೆ ಅನ್ನ ನೀರು ಸೇರಲಿಲ್ಲ. ಈ ರಕ್ತವೂ ಬೇರೆ ಮಾತನ್ನೇ ಹೇಳಿದರೆ? ಚರ್ಚಿಗೆ ಹೋಗುವಾಗ ಟ್ರೀನ್ ಚಿಕ್ಕಮ್ಮನ ಸಮಾಧಿಯ ಕಡೆ ನೋಡಲು ಧೈರ್ಯ ಬರುತ್ತಿರಲಿಲ್ಲ. ಸಂಜೆಗಳಲ್ಲಿ ಮೇಜಿನ ಮೇಲೆ ಹೊಸ ಹಾಳೆ ಹಾಸಿ, ಹೇಗೂ ಆಗಲಿ ಎಂದು ಮೂರನೆಯ ಪ್ರತಿ ಶುರುಮಾಡಿದಳು. ಅದೇ ಸ್ಕೇಲು, ಅದೇ ಶಾಯಿ, ಕೆಳಗೆ ಅಡ್ಡಹೆಸರು. ಸೋರುಮೂಗು ಎಂದು ಬರೆಯುವಾಗ ಕೈ ಮೊದಲು ಹಿಂಜರಿಯಿತು. ಬರೆಯುತ್ತ ಹೋದಂತೆ ಇನ್ನೊಂದು ಕಾಣತೊಡಗಿತು. ಸೋರುಮೂಗು ಲುಬ್ಬರ್ಟನ ತಂದೆಯೂ ಸೋರುಮೂಗು, ಅವನ ತಾತನೂ ಅದೇ. ಬೇರೆ ಬೇರೆ ಮನೆಯ ಲುಬ್ಬರ್ಟರ ನಡುವೆ ಯಾರು ಯಾರ ಮಗನೆಂದು ಚರ್ಚಿನ ಪುಸ್ತಕ ತಡಬಡಿಸುವ ಕಡೆ ಅಡ್ಡಹೆಸರು ಒಂದೇ ನೆಗೆತಕ್ಕೆ ದಾರಿ ತೋರಿಸುತ್ತಿತ್ತು. ಯಾವ ಶಾಲೆಯನ್ನೂ ಕಾಣದ ಅಜ್ಜಿಯರು ಇನ್ನೂರು ವರ್ಷದಿಂದ ಬಾಯಲ್ಲೇ ಕಾಪಾಡಿಕೊಂಡು ಬಂದ ದಾಖಲೆ ಅದು. ತಾನು ಅದನ್ನು ಒಂದೇ ಸಂಜೆಯಲ್ಲಿ ಅಳಿಸಿದ್ದಳು.

ಇಪ್ಪತ್ತನೆಯ ದಿನ ಶೆಡ್ಡಿನ ಮೇಸ್ತ್ರಿ ಕಿಟಕಿಯಿಂದ ತಲೆ ಹಾಕಿ, "ಒಣಮೀನೂ, ಫೋನು!" ಎಂದು ಕೂಗಿದ. ಹೆಂಗಸರ ಹಾಡು ನಿಂತಿತು. ಫೆಮ್ಮಿ ಒದ್ದೆ ಕೈಯಲ್ಲೇ ರಿಸೀವರ್ ಹಿಡಿದಳು.

"ಹನ್ನೆರಡೂ ಒಂದೇ," ಎಂದಿತು ಡಾಕ್ಟರ ದನಿ. "ಕೇಳಿಸ್ತಾ? ಹೆಸ್ಸೆಲ್ ಅವರಲ್ಲಿ ಎರಡೂ ಕಡೆಯದ್ದು ಅದೇ ತುಂಡು. ನಿಮ್ಮ ಹಾಳೆ ಸರಿ. ನಿಮ್ಮ ಚಿಕ್ಕಮ್ಮ ಸರಿ. ಇನ್ನೊಂದು ಹೇಳ್ತೀನಿ. ಬೆಳ್ಳಿಗುಂಡಿ ಅಜ್ಜನಲ್ಲಿ ಒಂದು ಕಡೆಯದ್ದು ಮಾತ್ರ ಇದೆಯಲ್ಲ, ಅಂಥವರಿಗೆ ಕಾಯಿಲೆ ಬರಲ್ಲ. ಆದ್ರೆ 'ಸಾಕು' ಅನ್ನೋ ಸುದ್ದಿ ಅರ್ಧ ಮಾತ್ರ ಹೋಗುತ್ತೆ ಅಂತ ಕಾಣುತ್ತೆ. ಮೂಳೆ ಗಟ್ಟಿ ಆಗುತ್ತೆ, ತೊಂದರೆ ಕೊಡಲ್ಲ. ನಮ್ಮ ಔಷಧಿ ಹೇಗಿರಬೇಕೋ ಹಾಗಿದ್ದಾರೆ ಆ ಅಜ್ಜ. ನಿಮ್ಮ ತಪ್ಪಿನಿಂದಾನೇ ಅವರು ಸಿಕ್ಕಿದ್ದು."

ಫೆಮ್ಮಿಗೆ ಏಣಿ ನೆನಪಾಯಿತು. ಮೆಟ್ಟಿಲಿಂದ ಉರುಳಿಯೂ ತಾಯಿ ಆಲೂಗಡ್ಡೆ ಸುಲಿಯುತ್ತ ಕೂತದ್ದು ನೆನಪಾಯಿತು.

ಮೇಜಿಗೆ ಹಿಂತಿರುಗಿದಾಗ ಎಲ್ಲರ ಚಾಕುಗಳೂ ನಿಂತಿದ್ದವು. ಕ್ಲಾಸ್ಯೆ ಕೇಳಿದಳು. "ಏನಾಯ್ತೇ? ಅಳ್ತಿದೀಯ? ಯಾರಾದ್ರೂ ಸತ್ರಾ?"

"ಇಲ್ಲ ಕಣೇ. ಎಲ್ರೂ ಸರಿಯಾಗಿದಾರೆ. ಏಳು ತಲೆಮಾರೂ ಸರಿಯಾಗಿದೆ."

"ಹಂಗಾದ್ರೆ ಮೂಗು ಒರೆಸ್ಕೊ. ಮೀನಿಗೆ ಉಪ್ಪು ಜಾಸ್ತಿ ಆಗತ್ತೆ," ಎಂದು ಕ್ಲಾಸ್ಯೆ ತನ್ನ ಏಪ್ರನ್ನಿನ ಅಂಚನ್ನೇ ಮುಂದೆ ಚಾಚಿದಳು.

ಮೇ ತಿಂಗಳ ಒಂದು ಶನಿವಾರ ಪ್ರೊಫೆಸರರೇ ದ್ವೀಪಕ್ಕೆ ಬಂದರು. ಶಾಲೆಯ ಹಾಲ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೋಡೆಯ ಉದ್ದಕ್ಕೂ ಫೆಮ್ಮಿಯ ಮೂರನೆಯ ಪ್ರತಿ ಹರಡಿತ್ತು. ಜನ ಅದಕ್ಕೆ ಮೂಗು ತಾಗಿಸಿ ತಮ್ಮನ್ನು ತಾವು ಹುಡುಕುತ್ತಿದ್ದರು. "ನಮ್ಮಜ್ಜಿ ನಿಮ್ಮಜ್ಜನ ತಂಗಿನಾ? ಮತ್ತೆ ಆ ಜಾಗದ ಜಗಳ ಯಾಕೆ ಆಡಿದ್ವಿ?" ಎಂದು ಯಾರೋ ಕೇಳುತ್ತಿದ್ದರು. ಬೆಳ್ಳಿಗುಂಡಿ ತನ್ನ ಹೆಸರಿನ ಕೆಳಗೆ ಕುರ್ಚಿ ಹಾಕಿಸಿಕೊಂಡು, ಬಂದವರಿಗೆಲ್ಲ ತಾನೇ ಔಷಧಿಯೆಂದು ಹೇಳುತ್ತಿದ್ದ. ಲಂಗರು ಹೆಸ್ಸೆಲ್ ಬಿಳಿ ಅಂಗಿಯಲ್ಲಿ ಮೊದಲ ಸಾಲಿನಲ್ಲಿದ್ದ.

ತೆಳುಮೈಯ, ಕನ್ನಡಕದ ಪ್ರೊಫೆಸರರು ಹಾಳೆಯ ಮುಂದೆ ಬಹಳ ಹೊತ್ತು ನಿಂತರು. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಮತ್ತೆ ವಾಪಸು ಬಂದರು.

"ಮೂವತ್ತು ವರ್ಷದಲ್ಲಿ ಇಂಥ ಕೆಲಸ ನಾನು ನೋಡಿಲ್ಲ. ಯಾರು ಮಾಡಿದ್ದು?"

"ನಾನು," ಎಂದಳು ಫೆಮ್ಮಿ. ಸುಮ್ಮನೆ ಹವ್ಯಾಸಕ್ಕೆ, ತಪ್ಪಿದ್ದರೆ ಹೇಳಿ ಎಂದು ಸೇರಿಸಲು ಬಾಯಿ ತೆರೆದವಳು ಹಾಗೇ ಮುಚ್ಚಿದಳು.

"ಒಂದು ಸಣ್ಣ ವಿಷಯ," ಪ್ರೊಫೆಸರರು ನಯವಾಗಿ ಹೇಳಿದರು. "ಈ ಅಡ್ಡಹೆಸರುಗಳು... ನಮ್ಮ ಸಂಗ್ರಹದಲ್ಲಿ ಇಡೋಕೆ ಇವಿಲ್ಲದೆ ಇನ್ನೊಂದು ಪ್ರತಿ ಮಾಡಿಕೊಟ್ಟರೆ ಗೌರವವಾಗಿ ಕಾಣುತ್ತೆ, ಅಲ್ವಾ?"

ಫೆಮ್ಮಿಯ ಕಿವಿ ಬಿಸಿಯಾಯಿತು.

"ಏನಂತೆ ಅವ್ನು?" ಹೆಸ್ಸೆಲ್ ಗುಡುಗಿದ. ಪಕ್ಕದವರು ಗೀಚಿ ತೋರಿಸಿದರು. ಓದಿದವನೇ ಎದ್ದು ನಿಂತ. "ತೆಗೀಬೇಡ ಫೆಮ್ಮಿ! ಲಂಗರು ತೆಗೆದ್ರೆ ನಾನು ಮತ್ತೆ ಈ ಗಡ್ಡದವನಾಗ್ತೀನಿ!"

"ಯಾಕೆ, ನಾನಾಗೋದು ಅಷ್ಟು ಕೇಡಾ?" ಬೆಳ್ಳಿಗುಂಡಿಗೂ ಅಷ್ಟು ಕೇಳಿಸಿತ್ತು. ಹಾಲ್ ತುಂಬ ನಗು ಎದ್ದಿತು.

ನಗು ಇಳಿಯುವವರೆಗೆ ಫೆಮ್ಮಿ ಕಾದಳು. "ಅಚ್ಚು ಹಾಕುವಾಗ ನಂಬರ್ ಹಾಕಿ ಸರ್. ಯಾರ ಮನೆ ವಿಷಯವೂ ಹೊರಗೆ ಹೋಗ್ಬಾರದು, ಅದು ನಾನು ಇವರಿಗೆಲ್ಲ ಕೊಟ್ಟ ಮಾತು. 'ಒಳಗೇ ಇಡ್ತಾರೆ ಅಂದ್ರೆ ಮಾತ್ರ ಹೆಸರು ಇರ್ಲಿ,' ಅಂತ ಎಲ್ರೂ ಒಪ್ಪಿದಾರೆ. ಆದ್ರೆ ನಿಮ್ಮ ಹತ್ರ ಇರೋ ಹಾಳೇಲಿ ಇವು ಹೀಗೇ ಇರ್ಬೇಕು. ಒಂದು ಸಲ ನಾನು ಗೌರವಕ್ಕೆ ಅಂತ ತೆಗ್ದು ನೋಡಿದೀನಿ. ಹನ್ನೆರಡು ಜನರ ಕಷ್ಟ ದಂಡ ಆಗ್ತಿತ್ತು. ಇನ್ನೊಂದ್ಸಲ ತೆಗೆಯಲ್ಲ."

ಇಷ್ಟು ಉದ್ದದ ಮಾತನ್ನು ಅವಳು ಯಾವ ಸಭೆಯಲ್ಲೂ ಆಡಿರಲಿಲ್ಲ. ಆದರೂ ಧ್ವನಿ ನಡುಗಿರಲಿಲ್ಲ. ಪ್ರೊಫೆಸರರು ಡಾಕ್ಟರ್ ಥೈಸೆನ್ ಕಡೆ ನೋಡಿದರು. ಡಾಕ್ಟರು ನಗು ತಡೆದುಕೊಂಡು ಚಾವಣಿ ನೋಡುತ್ತಿದ್ದರು.

"ಸರಿ," ಎಂದರು ಪ್ರೊಫೆಸರರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಹಾಗಾದರೆ ನನಗೆ ಓದೋದು ಕಲಿಸಿ."

ಫೆಮ್ಮಿ ಗೋಡೆಯ ಬಳಿಗೆ ಹೋಗಿ ಮೇಲಿನ ಸಾಲಿನ ಮೊದಲ ಹೆಸರಿಗೆ ಬೆರಳಿಟ್ಟಳು. ಪ್ರೊಫೆಸರರು ಓದಿದರು. ಆಚೆ ದಡದವರ ನಾಲಿಗೆ, ದ್ವೀಪದ ಮಾತು ಹೊರಳಲಿಲ್ಲ. ಅವಳು ತಿದ್ದಿದಳು. ಮತ್ತೆ ಓದಿದರು, ಮತ್ತೆ ತಿದ್ದಿದಳು. ಮೂರನೆಯ ಸಲ ಸರಿಯಾಗಿ ಬಂತು. ಅವಳು ತಲೆಯಾಡಿಸಿ ಬೆರಳನ್ನು ಎರಡನೆಯ ಹೆಸರಿಗೆ ಸರಿಸಿದಳು.